ಫಿಂಗರ್‌ಪ್ರಿಂಟ್ ನೋಡ್ದೇನೇ ಯೆಸ್ ಹೊಡೀತೀರಾ?

ರಾತ್ರಿಪಾಳಿ: ಎರಡು ವರ್ಷದಿಂದ ದಿನಾ ಎಸ್‌ಎಸ್‌ಎಚ್‌ನಲ್ಲಿ (ದೂರದ ಮಷೀನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗೋ ದಾರಿ) ಹೋಗ್ತಿದ್ದ ಕ್ಲೌಡ್ ಸರ್ವರ್ ಇವತ್ತು ಬೆಳಗ್ಗೆ ಇದ್ದಕ್ಕಿದ್ದಂಗೆ 'ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್' ಅಂತ ಕಿರುಚ್ತಿದೆ. ಅಂದ್ರೆ ಸರ್ವರಿನ ಗುರುತಾಗಿರೋ ಹೋಸ್ಟ್ ಕೀ ಮೊದಲಿನದಲ್ಲ, ಅದರ ಫಿಂಗರ್‌ಪ್ರಿಂಟ್ (ಕೀಯ ಚುಟುಕು ರೂಪ) ಬೇರೆ. ಟೀಮಲ್ಲಿ ಕೇಳಿದ್ರೆ 'ನೋನ್ ಹೋಸ್ಟ್ಸ್ ಫೈಲಲ್ಲಿ (ಹಿಂದೆ ಕಂಡ ಸರ್ವರ್‌ಗಳ ಕೀ ಇರೋದು) ಆ ಸರ್ವರಿನ ಲೈನ್ ಅಳಿಸು, ಹೊಸ ಕೀ ನಂಬ್ಲಾ ಅಂತ ಕೇಳಿದಾಗ ಯೆಸ್ ಹೊಡಿ, ಕೆಲ್ಸ ನೋಡು' ಅಂತಾರೆ. ಎಲ್ರೂ ಹಿಂಗೇನಾ ಮಾಡೋದು?

ಶೆಲ್‌ಶೆಟ್ರು: ಹೂಂ, ಎಲ್ರೂ. ನಮ್ ಡೆಪ್ಲಾಯ್ ಸ್ಕ್ರಿಪ್ಟಲ್ಲಂತೂ ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್ 'ನೋ' ಅಂತಲೇ ಬರ್ದಿಟ್ಟಿದೀವಿ, ಹೋಸ್ಟ್ ಕೀ ಬದಲಾದ್ರೂ ತಡೀಬೇಡ ಅಂತ. ದಿನಕ್ಕೆ ನಾಲ್ಕು ಮಷೀನ್ ಹುಟ್ತವೆ ನಾಲ್ಕು ಸಾಯ್ತವೆ, ಒಂದೊಂದರ ಜಾತಕ ನೋಡ್ಕೊಂಡ್ ಕೂತ್ರೆ ರಿಲೀಸ್ ಆದಂಗೇ. ಪಾಸ್‌ವರ್ಡ್ ಇಲ್ಲ, ಕೀ ಲಾಗಿನ್ ಮಾತ್ರ, ಮಧ್ಯದಲ್ಲಿ ಯಾವನಾದ್ರೂ ಕೂತಿದ್ರೂ ನನ್ನ ಪ್ರೈವೇಟ್ ಕೀ (ಲಾಗಿನ್ ಆಗೋಕೆ ನನ್ನತ್ರ ಇರೋ ಗುಟ್ಟಿನ ಕೀ) ಅವನ ಕೈಗೆ ಸಿಗಲ್ಲ ಬಿಡಿ.

ಹುಬ್ಬಳ್ಳಿ_ಬ್ಯಾಶ್: ಶೆಟ್ರ, ಕೀ ಸಿಗೂದಿಲ್ಲ, ಖರೇ. ಆದ್ರ ಅಂವಾ ಸರ್ವರ್ ವೇಷ ಹಾಕ್ಕೊಂಡು ಕುಂತ್ರ ಯಾವ ಕೀ ತೋರ್ಸಿದ್ರೂ 'ಬರ್ರಿ ಒಳಗ' ಅಂತಾನ. ಹಳೇ ಲೈನ್ ಅಳಸಿ ಯೆಸ್ ಹೊಡದ ಮ್ಯಾಲ ನೀವು ಡೇಟಾಬೇಸ್ ಡಂಪ್ (ಪೂರ್ತಿ ನಕಲು) ಆರ್‌ಸಿಂಕ್‌ಲೆ ಕಳಸಿದ್ರಿ ಅಂದ್ರ ಅದು ಸೀದಾ ಅವನ ಡಿಸ್ಕಿಗೆ, ಸುಡೋ (ಅಡ್ಮಿನ್ ಅಧಿಕಾರದ) ಪಾಸ್‌ವರ್ಡ್ ಹೊಡದ್ರ ಅದೂ ಅವಂಗ. ಏಜೆಂಟ್ ಫಾರ್ವರ್ಡಿಂಗ್ (ನಿಮ್ಮ ಕೀನ ಆ ಸರ್ವರ್‌ನಿಂದನೂ ಬಳಸಾಕ ಬಿಡೂದು) ಆನ್ ಇದ್ರಂತೂ ಮುಗೀತು, ಕನೆಕ್ಷನ್ ಇರೂತನಕ ನಿಮ್ಮ ಹೆಸರ್ಲೆ ಬ್ಯಾರೆ ಸರ್ವರ್‌ಗೂ ಹೊಕ್ಕಾನ.

ಶೆಲ್‌ಶೆಟ್ರು: ಥಿಯರಿ ಚೆನ್ನಾಗಿದೆ ಗುರು. ಆದ್ರೆ ಹೋಸ್ಟ್ ಕೀ ಕದ್ದು ಕೂರೋರು ಎಲ್ಲಿದ್ದಾರೆ?

ಚಹಾಬ್ರೇಕ್: ಕದಿಯೋದೇ ಬೇಡ, 2023ರ ಮಾರ್ಚಲ್ಲಿ ಕೋಡ್ ಇಡೋ ಸೈಟ್ ಗಿಟ್‌ಹಬ್‌ನೋರ ಆರ್‌ಎಸ್‌ಎ ಮಾದರಿ ಹೋಸ್ಟ್ ಕೀ ಒಂದು ಪಬ್ಲಿಕ್ ರೆಪೊಸಿಟರಿಯಲ್ಲಿ (ಎಲ್ರಿಗೂ ಕಾಣೋ ಕೋಡ್ ಸಂಗ್ರಹದಲ್ಲಿ) ಸ್ವಲ್ಪ ಹೊತ್ತು ಬಟಾಬಯಲಾಗಿ ಬಿದ್ದಿತ್ತಲ್ಲ. ದುರುಪಯೋಗ ಆಗಿದೆ ಅನ್ನೋಕೆ ಕಾರಣ ಇಲ್ಲ ಅಂದ್ರು, ಆದ್ರೂ 24ನೇ ತಾರೀಕು ಕೀನೇ ಬದಲಾಯಿಸಿದ್ರು. ಹೊಸ ಫಿಂಗರ್‌ಪ್ರಿಂಟ್ ಅವರ ಸೈಟಲ್ಲೇ ಹಾಕಿದ್ರು. ನಾನು ತಾಳೆ ನೋಡಿದ್ದು ಮೊದಲ ನಾಲ್ಕಕ್ಷರ, ಸುಳ್ಳ್ಯಾಕೆ ಹೇಳ್ಲಿ.

ಹುಬ್ಬಳ್ಳಿ_ಬ್ಯಾಶ್: ಕಣ್ಣಾಗ ನೋಡೂದ ಬ್ಯಾಡ್ರಿ. ನಾವು ಬಳಸೂ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಚ್ 8.0ರಿಂದ, 2019ರಿಂದನ ಅಂದ್ರ, ಯೆಸ್ ಬದ್ಲಿ ಫಿಂಗರ್‌ಪ್ರಿಂಟನ್ನ ಅಲ್ಲೇ ಪೇಸ್ಟ್ ಮಾಡಬಹುದು, ತಾಳೆ ಆಗ್ಲಿಲ್ಲ ಅಂದ್ರ ಮುಂದ ಬಿಡೂದಿಲ್ಲ. ಶೆಟ್ರ, ನೀವು 'ನೋ' ತಗದು 'ಅಕ್ಸೆಪ್ಟ್ ನ್ಯೂ' ಹಾಕ್ರಿ, ಹೊಸಾವನ್ನ ಸುಮ್ನ ತಗೋತೈತಿ, ಬದಲಾದ್ದಕ್ಕ ಬಾಗಲಾ ಹಾಕತೈತಿ.

ಶೆಲ್‌ಶೆಟ್ರು: ಮೊದಲನೇ ಸಲವೇ ಕಳ್ಳ ಕೂತಿದ್ರೆ?

ಹುಬ್ಬಳ್ಳಿ_ಬ್ಯಾಶ್: ಅದಕ್ಕ ಹೋಸ್ಟ್ ಸರ್ಟಿಫಿಕೇಟ್ ಬೇಕು, ಅಂದ್ರ ನೀವು ಮೊದ್ಲ ನಂಬಿದ ಒಂದು ಕೀ ಸಹಿ ಹಾಕಿದ ಸರ್ವರ್ ಗುರುತು. ನಾಲ್ಕು ಮಷೀನ್ ದಿನಾ ಹುಟ್ಟಸೋರಿಗೆ ಅದ ಸರಿ.

ರಾತ್ರಿಪಾಳಿ: ಅಪ್‌ಡೇಟ್. ಕ್ಲೌಡ್‌ನವರ ವೆಬ್ ಕನ್ಸೋಲಿಂದ ಒಳಗೆ ಹೋಗಿ ಎಸ್‌ಎಸ್‌ಎಚ್ ಕೀಜೆನ್ ಕಮ್ಯಾಂಡಲ್ಲಿ ಸರ್ವರಿನ ಕೀ ತೆಗ್ದು ನೋಡ್ದೆ. ಹಳೇ ಕೀನೇ ಇದೆ, ಬದಲಾಗೇ ಇಲ್ಲ! ನಿನ್ನೆ ರಾತ್ರಿ ಯಾರೋ ಮಷೀನ್ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದಾರೆ, ಪಬ್ಲಿಕ್ ಐಪಿ (ಇಂಟರ್ನೆಟ್ ವಿಳಾಸ) ಬದಲಾಗಿದೆ. ನನ್ನ ಕಾನ್ಫಿಗ್‌ನಲ್ಲಿದ್ದ ಹಳೇ ಐಪಿ ಈಗ ಇನ್ಯಾರ್ದೋ ಮಷೀನ್‌ಗೆ ಹೋಗಿದೆ.

ಶೆಲ್‌ಶೆಟ್ರು: ಹಂಗಿದ್ರೆ ಯೆಸ್ ಹೊಡ್ದಿದ್ರೂ ಲಾಗಿನ್ನೇ ಆಗ್ತಿರ್ಲಿಲ್ಲ. ನಷ್ಟ ಏನು?

ಹುಬ್ಬಳ್ಳಿ_ಬ್ಯಾಶ್: ಅಲ್ರಿ ರಾತ್ರಿಪಾಳಿ, ಆ ಮಷೀನ್ ಪಾಸ್‌ವರ್ಡ್ ಕೇಳಿದ್ರ ಹೊಡೀತಿದ್ರೋ ಇಲ್ಲೋ?

ರಾತ್ರಿಪಾಳಿ: ಹೊಡೀತಿದ್ದೆ. ತಪ್ಪು ಅಂದ್ರೆ ಇನ್ನೆರಡು ಸಲ.