ವಾರ್ಡಿನ ‘ಎವಿಡೆನ್ಸ್’ಗೆ ಕನ್ನಡದಲ್ಲಿ ಏನೆನ್ನೋಣ: ಸಾಕ್ಷ್ಯ, ಪುರಾವೆ, ಆಧಾರ?

ಬಳಗದ ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಕಲಿಸುವವರ ಕಡೆಯಿಂದ ಒಂದು ಪದದ ಪ್ರಶ್ನೆ. ‘ಎವಿಡೆನ್ಸ್ ಬೇಸ್ಡ್ ನರ್ಸಿಂಗ್’ (ರೂಢಿಯನ್ನಷ್ಟೇ ನಂಬದೆ, ಸಂಶೋಧನೆಯಲ್ಲಿ ಕಂಡದ್ದನ್ನೂ ನೋಡಿ ಆರೈಕೆ ಮಾಡುವುದು) ಅನ್ನುತ್ತೇವಲ್ಲ, ಆ ಎವಿಡೆನ್ಸ್‌ಗೆ ಕನ್ನಡದಲ್ಲಿ ಯಾವ ಪದ ಸರಿ? ‘ಸಾಕ್ಷ್ಯಾಧಾರಿತ’, ‘ಪುರಾವೆ ಆಧಾರಿತ’ ಎರಡೂ ಬಳಕೆಯಲ್ಲಿವೆ. ಎರಡೂ ನನಗೆ ಒಗ್ಗುತ್ತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಜಿಎನ್‌ಎಂಗೆ (ನರ್ಸಿಂಗ್ ಡಿಪ್ಲೊಮಾಗೆ) ಬರುವ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಈ ಪದ ಅದರಲ್ಲಿ ಪುಟಪುಟಕ್ಕೂ ಬರುತ್ತದೆ. ತಪ್ಪು ಪದ ಹಾಕಿದರೆ ಪಾಠವೇ ತಪ್ಪಾಗುತ್ತದೆ ಅನ್ನುವ ಭಯ.

ಪದ ಯಾವ ಕೆಲಸ ಮಾಡಬೇಕು ಅನ್ನೋದನ್ನು ಮೊದಲು ಹೇಳುತ್ತೇನೆ. ವಾರ್ಡ್ ಪೋಸ್ಟಿಂಗ್ ಇರುವ ವಿದ್ಯಾರ್ಥಿನಿಗೆ ಹಿಂದಿನ ದಿನವೇ ಪೇಷಂಟ್ ಅಲಾಟ್ ಆಗಿರುತ್ತಾರೆ. ಅವಳು ಕೇಸ್‌ಶೀಟ್ ಓದಿ, ರೋಗಿಯನ್ನು ಮಾತಾಡಿಸಿ, ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಕೇರ್ ಪ್ಲ್ಯಾನ್ ಬರೆಯುತ್ತಾಳೆ. ರೋಗಿಗೆ ಏನು ತೊಂದರೆ, ಏನು ಗುರಿ, ಏನು ಮಾಡುತ್ತೇನೆ, ಹೀಗೆ ಕಾಲಂಗಳಿರುತ್ತವೆ. ‘ಏನು ಮಾಡುತ್ತೇನೆ’ ಪಕ್ಕದಲ್ಲಿ ‘ರ್‍ಯಾಶನೇಲ್’ ಅಂತ ಒಂದು ಕಾಲಂ. ಅದನ್ನು ಯಾಕೆ ಮಾಡುತ್ತೀ ಅನ್ನುವುದಕ್ಕೆ ಅಲ್ಲಿ ಉತ್ತರ ಬರೆಯಬೇಕು.

ನಮ್ಮ ಒಬ್ಬ ಹುಡುಗಿಗೆ ಹರ್ನಿಯಾ ಆಪರೇಷನ್ನಿನ ರೋಗಿ ಸಿಕ್ಕಿದ್ದರು. ಅವಳ ಪ್ಲ್ಯಾನಿನಲ್ಲಿ ಹೀಗಿತ್ತು: ರಾತ್ರಿ 12ರಿಂದ ಎನ್‌ಪಿಒ (ಬಾಯಿಂದ ಏನೂ ಕೊಡಬಾರದು). ರ್‍ಯಾಶನೇಲ್ ಕಾಲಮ್ಮಿನಲ್ಲಿ: ಆಸ್ಪಿರೇಶನ್ ಆಗದಿರಲು. ‘12 ಗಂಟೆಯೇ ಯಾಕಮ್ಮಾ?’ ಅಂತ ಕೇಳಿದೆ. ‘ಕಾರಣ ಬರೆದಿದ್ದೀನಲ್ಲ ಮೇಡಂ, ಇನ್ನೇನು ಬೇಕು?’ ಅಂದಳು.

ಅವಳು ಹೇಳಿದ್ದು ಸರಿಯೇ. ಕಾರಣ ಬರೆದಿದ್ದಳು, ಅದು ತಪ್ಪೂ ಅಲ್ಲ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದೇ ಆಸ್ಪಿರೇಶನ್. ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಬಸುರಿಯರ ದಾಖಲೆ ನೋಡಿ, 66 ಮಂದಿಗೆ ಹೀಗಾಗಿದ್ದನ್ನು ಬರೆದರು. ಹೊಟ್ಟೆ ಖಾಲಿ ಇರಬೇಕು ಅನ್ನೋದು ಆಮೇಲೆ ಗಟ್ಟಿಯಾಯಿತು. ಪಟ್ಟಿಯಲ್ಲಿ ಮೊದಲ ಆಪರೇಷನ್ ಬೆಳಿಗ್ಗೆಯೇ ಶುರುವಾಗುವುದರಿಂದ, ‘ರಾತ್ರಿ ಹನ್ನೆರಡರ ಮೇಲೆ ನೀರೂ ಬೇಡ’ ಅನ್ನೋದು ಎಲ್ಲರಿಗೂ ಒಂದೇ ಸುಲಭದ ನಿಯಮವಾಯಿತು. ಆದರೆ ನೀರು ಹೊಟ್ಟೆಯಲ್ಲಿ ಅನ್ನದಷ್ಟು ಹೊತ್ತು ನಿಲ್ಲುವುದಿಲ್ಲ. ಇದನ್ನು ಹಲವರು ಅಳೆದು ನೋಡಿದ ಮೇಲೆ, ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆರೋಗ್ಯವಾಗಿರುವ, ಮೊದಲೇ ದಿನ ನಿಗದಿಯಾದ ಆಪರೇಷನ್ನಿಗೆ ಬರುವವರಿಗೆ ತಿಳಿಯಾದ ಪಾನೀಯ 2 ಗಂಟೆ ಮುಂಚಿನವರೆಗೂ ಆಗಬಹುದು, ಎದೆಹಾಲು 4 ಗಂಟೆ, ಹಗುರ ಊಟ 6 ಗಂಟೆ. ಕರುಳು ಕಟ್ಟಿಕೊಂಡವರು, ತುರ್ತು ಆಪರೇಷನ್ನಿನವರು, ಹೊಟ್ಟೆ ನಿಧಾನಕ್ಕೆ ಖಾಲಿಯಾಗುವ ಸಕ್ಕರೆ ಕಾಯಿಲೆಯವರು, ಇವರ ಲೆಕ್ಕ ಬೇರೆ. ಎಷ್ಟು ಹೊತ್ತು ಅನ್ನುವುದನ್ನು ಅರಿವಳಿಕೆ ವೈದ್ಯರೇ ಬರೆಯಬೇಕು, ನರ್ಸ್ ತಾನಾಗಿ ಬದಲಿಸುವಂತಿಲ್ಲ. ಆದರೆ ಮಧ್ಯಾಹ್ನ 2ಕ್ಕೆ ಹೋಗುವ ರೋಗಿಗೆ ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರಿಲ್ಲ ಅಂದರೆ, ‘ಸರ್, ಇವರಿಗೆ ಎಷ್ಟು ಗಂಟೆವರೆಗೆ ನೀರು ಕೊಡಬಹುದು?’ ಅಂತ ಕೇಳುವುದು ನರ್ಸಿನ ಕೆಲಸವೇ. ಹಾಗೆ ಕೇಳಲು ಹಿಂದಿನ ರಾತ್ರಿ ಓದಿಕೊಂಡು ಬಂದಿರಬೇಕು.

ಇಲ್ಲಿ ನನಗೆ ಎರಡು ಬೇರೆ ಬೇರೆ ಪದ ಬೇಕು. ‘ಯಾಕೆ’ ಅನ್ನುವುದಕ್ಕೆ ಉತ್ತರ ಕಾರಣ. ‘ಅದು ನಿಜ ಅಂತ ನಿನಗೆ ಹೇಗೆ ಗೊತ್ತು’ ಅನ್ನುವುದಕ್ಕೆ ಉತ್ತರ ಇನ್ನೊಂದು. ಕಾರಣ ಸರಿಯಿದ್ದೂ ಮಾಡುವ ಕೆಲಸ ತಪ್ಪಾಗಬಹುದು. ಬೆನ್ನು ತಿಕ್ಕುವುದನ್ನೇ ನೋಡಿ. ಮಲಗಿದಲ್ಲೇ ಇರುವ ರೋಗಿಯ ಚರ್ಮ ಕೆಂಪಾದ ಜಾಗವನ್ನು ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕಬೇಕು ಅಂತ ತಲೆಮಾರುಗಳ ನರ್ಸುಗಳು ಕಲಿತರು. ಕಾರಣ: ರಕ್ತ ಸಂಚಾರ ಹೆಚ್ಚುತ್ತದೆ. ಕೇಳಲು ಎಷ್ಟು ಸರಿಯಾಗಿದೆ ಅಲ್ವಾ? ಆದರೆ ಒತ್ತಿ ಒತ್ತಿ ಆಗಲೇ ಸೋತಿರುವ ಆ ಚರ್ಮದ ಕೆಳಗಿನ ಭಾಗ ತಿಕ್ಕಿದರೆ ಇನ್ನಷ್ಟು ಹಾಳಾಗಬಹುದು. ಮೂಳೆ ಚಾಚಿದ ಜಾಗವನ್ನು ತಿಕ್ಕಬೇಡಿ ಅಂತ ಅಮೆರಿಕದ ಸರ್ಕಾರಿ ಮಾರ್ಗಸೂಚಿ 1992ರಲ್ಲೇ ಹೇಳಿತು. ಕಾರಣ ಇಷ್ಟು ಚೆಂದವಾಗಿದ್ದರಿಂದಲೇ ಈ ರೂಢಿ ಇಷ್ಟು ವರ್ಷ ಉಳಿಯಿತು ಅನ್ನೋದು ನನ್ನ ಅಭಿಪ್ರಾಯ.

ಈಗ ಪದಗಳಿಗೆ ಬರೋಣ. ತೊಂದರೆ ಏನೆಂದರೆ, ನಮ್ಮ ಪದಗಳೆಲ್ಲ ಆಸ್ಪತ್ರೆಯಲ್ಲಿ ಆಗಲೇ ಬೇರೆ ಬೇರೆ ಕೆಲಸಕ್ಕೆ ಸೇರಿಕೊಂಡಿವೆ.

‘ಸಾಕ್ಷಿ’ ಒಪ್ಪಿಗೆ ಪತ್ರದ ಕೊನೆಯಲ್ಲಿ ಕೂತಿದೆ. ರೋಗಿಯ ಸಹಿ, ಸಾಕ್ಷಿಯ ಸಹಿ. ‘ಸಾಕ್ಷ್ಯ’ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ) ಕೇಸುಗಳದ್ದು. ಸುಟ್ಟ ಗಾಯದವರೋ ಹೊಡೆತ ತಿಂದವರೋ ಬಂದಾಗ ಬಟ್ಟೆಯನ್ನು ತೆಗೆದಿಟ್ಟು ಪೊಲೀಸರಿಗೆ ಒಪ್ಪಿಸುತ್ತೇವಲ್ಲ, ಅದು. ‘ಸಾಕ್ಷ್ಯಾಧಾರಿತ ಶುಶ್ರೂಷೆ’ ಅಂದರೆ ಹೊಸ ಹುಡುಗಿಯರಿಗೆ ಕೋರ್ಟೇ ಕಣ್ಣಿಗೆ ಬರುತ್ತದೆ. ಇದಕ್ಕಿಂತ ದೊಡ್ಡ ತೊಡಕು ಅರ್ಥದಲ್ಲೇ ಇದೆ. ಸಾಕ್ಷಿ ಅಂದರೆ ಕಣ್ಣಾರೆ ಕಂಡವನು. ಕೋರ್ಟಿನಲ್ಲಿ ‘ನಾನೇ ಕಣ್ಣಾರೆ ಕಂಡೆ’ ಅನ್ನುವ ಮಾತಿಗೆ ತೂಕ ಜಾಸ್ತಿ. ನಮ್ಮಲ್ಲಿ ಅದಕ್ಕೇ ತೂಕ ಕಮ್ಮಿ. ‘ನಾನು ಎಷ್ಟೋ ವರ್ಷದಿಂದ ಹೀಗೇ ಮಾಡ್ತಿದ್ದೀನಿ, ಯಾರಿಗೂ ಏನೂ ಆಗಿಲ್ಲ’ ಅನ್ನುವ ಹಿರಿಯರ ಮಾತನ್ನು ಗೌರವದಿಂದ ಕೇಳಬೇಕು, ಆದರೆ ಎವಿಡೆನ್ಸಿನ ಬಲ ಅಳೆಯುವ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಇಡಬೇಕು. ಪದವೇ ಅದನ್ನು ಮೇಲಕ್ಕೆ ಎತ್ತಿಟ್ಟರೆ ಪಾಠ ಮಾಡೋದು ಹೇಗೆ?

‘ಪುರಾವೆ’ ಮರಾಠಿಯಲ್ಲೂ ಇರುವ ಪದ, ಅಲ್ಲಿ ಪುರಾವಾ. ನಮ್ಮಲ್ಲಿ ಅದು ನೋಂದಣಿ ಕೌಂಟರಿನದು: ವಿಳಾಸದ ಪುರಾವೆ, ವಯಸ್ಸಿನ ಪುರಾವೆ. ನನ್ನ ಕಿವಿಗೆ ಪುರಾವೆ ಅನ್ನುವುದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ತೋರಿಸಿದರೆ ಮಾತು ಮುಗಿಯಿತು. ‘ರುಜುವಾತು’ ಇನ್ನೂ ಖಡಕ್ಕು. ಸಂಶೋಧನೆಯಿಂದ ಬರುವುದು ಹಾಗೆ ಮುಗಿಯುವಂಥದ್ದಲ್ಲ. ಅದರಲ್ಲಿ ಗಟ್ಟಿ, ಸುಮಾರು, ತೆಳು ಅಂತ ದರ್ಜೆಗಳಿವೆ. ನಾಳೆ ಬದಲಾಗಲೂಬಹುದು.

‘ಪ್ರಮಾಣ’ ಅನ್ನಬಹುದಿತ್ತು. ನಮ್ಮ ತರ್ಕಶಾಸ್ತ್ರದಲ್ಲಿ ತಿಳಿವಿನ ದಾರಿಗೆ ಅದೇ ಹೆಸರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಚರಕ ಸಂಹಿತೆಯಲ್ಲೂ ಸತ್ಯವನ್ನು ಪರೀಕ್ಷಿಸಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಅಂತ ನಾಲ್ಕು ದಾರಿ ಹೇಳಿದೆ. ಎಷ್ಟು ಒಳ್ಳೆಯ ಆಲೋಚನೆ! ಆದರೆ ವಾರ್ಡಿನಲ್ಲಿ ಪ್ರಮಾಣ ಅಂದರೆ ಡೋಸು. ‘ಪ್ರಮಾಣ ನೋಡಿ ಕೊಡಿ’ ಅಂದರೆ ಮಿಲಿಗ್ರಾಂ ನೋಡಿ ಕೊಡಿ ಅಂತ. ಔಷಧದ ಟ್ರೇ ಹತ್ತಿರ ಎರಡು ಅರ್ಥ ಕೊಡುವ ಪದ ಇಡುವುದು ಅಪಾಯ. ಇದನ್ನು ನಾನು ಪೂರ್ತಿ ಬಿಟ್ಟಿದ್ದೇನೆ.

ನನ್ನ ಮನಸ್ಸು ‘ಆಧಾರ’ದ ಕಡೆಗಿದೆ. ‘ಯಾವ ಆಧಾರದ ಮೇಲೆ ಹೇಳ್ತೀರಿ?’ ಅಂತ ಕನ್ನಡದಲ್ಲಿ ಯಾರಾದರೂ ಯಾರನ್ನಾದರೂ ಕೇಳುತ್ತಾರೆ. ಅದಕ್ಕೆ ಶಾಸ್ತ್ರ ಓದಿರಬೇಕಿಲ್ಲ. ‘ಗಟ್ಟಿ ಆಧಾರ’, ‘ತೆಳು ಆಧಾರ’, ‘ಆಧಾರ ಸಾಲದು’, ‘ಆಧಾರವಿಲ್ಲದ ಮಾತು’, ಎಲ್ಲ ಸಲೀಸಾಗಿ ಬರುತ್ತವೆ. ದರ್ಜೆ ಹೇಳಲು ಹೊಸದಾಗಿ ಏನೂ ಕಟ್ಟಬೇಕಿಲ್ಲ. ರ್‍ಯಾಶನೇಲ್ ಕಾಲಮ್ಮನ್ನು ‘ಕಾರಣ’ ಮತ್ತು ‘ಆಧಾರ’ ಅಂತ ಎರಡು ಮಾಡಿಬಿಟ್ಟರೆ ನನ್ನ ಅರ್ಧ ಪಾಠ ಅಲ್ಲೇ ಆಯಿತು.

ತೊಡಕು ಇಲ್ಲವೆಂದಲ್ಲ. ಒಂದು, ಆಧಾರ್ ಕಾರ್ಡ್. ಆಸ್ಪತ್ರೆಯಲ್ಲಿ ‘ಆಧಾರ ತಂದಿದ್ದೀರಾ?’ ಅಂದರೆ ಎಲ್ಲರ ಕೈ ಜೇಬಿಗೆ ಹೋಗುತ್ತದೆ. ಬರೆಯುವಾಗ ಆಧಾರ್ ಬೇರೆ, ಆಧಾರ ಬೇರೆ. ಮಾತಿನಲ್ಲಿ ಹಾಗಿಲ್ಲ. ಎರಡು, ‘ಬೇಸ್ಡ್’ ಅನ್ನುವುದಕ್ಕೆ ನಾವು ಆಗಲೇ ‘ಆಧಾರಿತ’ ಅನ್ನುತ್ತೇವೆ. ಹಾಗಾದರೆ ‘ಆಧಾರ ಆಧಾರಿತ’ ಅನ್ನೋಣವೇ? ಆಗದು. ‘ಆಧಾರಸಹಿತ ಆರೈಕೆ’ ಅಂತ ಸದ್ಯಕ್ಕೆ ಕರಡಿನಲ್ಲಿ ಬರೆದಿದ್ದೇನೆ. ‘ಆಧಾರವುಳ್ಳ ಆರೈಕೆ’ ಅನ್ನೋದು ಇನ್ನೂ ತಿಳಿ, ಆದರೆ ಶೀರ್ಷಿಕೆಗೆ ಸ್ವಲ್ಪ ಸಡಿಲ. ಮೂರನೆಯದು, ‘ಸಂಶೋಧನಾಧಾರಿತ’ ಅಂದರೆ ಆಗದೇ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಅದರಿಂದ ಅರ್ಥ ಕುಗ್ಗುತ್ತದೆ. ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ಎವಿಡೆನ್ಸ್ ಬೇಸ್ಡ್ ಪದ್ಧತಿಯನ್ನು ವಿವರಿಸಿದಾಗ, ಸಂಶೋಧನೆಯೊಂದೇ ಸಾಲದು, ಚಿಕಿತ್ಸೆ ಕೊಡುವವರ ಅನುಭವವೂ ರೋಗಿಯ ಇಷ್ಟವೂ ಅದರ ಜೊತೆ ಸೇರಬೇಕು ಅಂದಿದ್ದರು.

ಆರೈಕೆಯೋ ಶುಶ್ರೂಷೆಯೋ ಅನ್ನುವುದರಲ್ಲೂ ನಿಮ್ಮ ಮಾತು ಬೇಕು. ಸರ್ಕಾರದ ಹುದ್ದೆಯಲ್ಲಿ ಶುಶ್ರೂಷಾಧಿಕಾರಿ ಇದೆ. ಸಂಸ್ಕೃತದಲ್ಲಿ ಶುಶ್ರೂಷಾ ಅಂದರೆ ಮೂಲದಲ್ಲಿ ‘ಕೇಳುವ ಬಯಕೆ’. ರೋಗಿಯ ಮಾತು ಕೇಳಿಸಿಕೊಳ್ಳುವುದು ನಮ್ಮ ಕೆಲಸದ ಹೆಸರಿನಲ್ಲೇ ಇದೆ ಅನ್ನೋದು ನನಗೆ ತುಂಬಾ ಇಷ್ಟ. ಆದರೂ ಬರೆಯಲು, ಉಚ್ಚರಿಸಲು ಆರೈಕೆಯೇ ಹಗುರ.

ಆಧಾರ ಎಲ್ಲಿಯದು, ಇಲ್ಲಿಗೆ ಹೊಂದುತ್ತದೆಯೇ ಅಂತ ನೋಡುವುದನ್ನೂ ಪದ ಬಿಟ್ಟುಕೊಡಬಾರದು. ಮಲಗಿದ ರೋಗಿಯನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನೋದು ಹಳೆಯ ರೂಢಿ. ಅಮೆರಿಕ ಮತ್ತು ಕೆನಡಾದ 27 ನರ್ಸಿಂಗ್ ಹೋಮುಗಳಲ್ಲಿ 942 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. 2, 3, 4 ಗಂಟೆಗೊಮ್ಮೆ ಬದಲಿಸಿದವರಲ್ಲಿ ಹುಣ್ಣಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ‘ಹಾಗಾದ್ರೆ 4 ಗಂಟೆ ಸಾಕು ಮೇಡಂ’ ಅಂದುಬಿಟ್ಟರೆ ಕೆಟ್ಟಿತು. ಅವರೆಲ್ಲ ಮಲಗಿದ್ದು ದಟ್ಟ ಫೋಮಿನ ಹಾಸಿಗೆಯ ಮೇಲೆ. ತೆಳ್ಳಗಾದ ಹಾಸಿಗೆಗೆ ರೆಕ್ಸಿನ್ ಹೊದಿಸಿರುವ ವಾರ್ಡಿಗೆ ಆ ಆಧಾರ ಸಾಲದು. ‘ಈ ಆಧಾರ ಇಲ್ಲಿಗೆ ಸಾಲದು’ ಅಂತ ಕನ್ನಡದಲ್ಲಿ ಹೇಳಬಹುದು. ‘ಈ ಪುರಾವೆ ಇಲ್ಲಿಗೆ ಸಾಲದು’ ಅಂದರೆ ಕಡತದಲ್ಲಿ ಕಾಗದ ಕಮ್ಮಿ ಅನ್ನುವ ಹಾಗೆ ಕೇಳಿಸುತ್ತದೆ.

ಇನ್ನು ‘ರ್‍ಯಾಂಡಮೈಸ್ಡ್ ಟ್ರಯಲ್’. ಪಠ್ಯಗಳ ‘ಯಾದೃಚ್ಛಿಕ’ ನನ್ನ ಮಕ್ಕಳ ಬಾಯಲ್ಲಿ ಹೊರಳುವುದಿಲ್ಲ. ‘ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆ’ ಅಂದರೆ ಹೇಗೆ? ಭಾರತವೂ ಸೇರಿ 5 ದೇಶಗಳಲ್ಲಿ, ತೂಕ ಕಮ್ಮಿಯಿರುವ 3,211 ಹಸುಗೂಸುಗಳನ್ನು ಹೀಗೆ ಗುಂಪು ಮಾಡಿ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಒರಗಿಸುವ ಕಾಂಗರೂ ಆರೈಕೆಯನ್ನು ಪರೀಕ್ಷಿಸಿದರು. ಕೂಡಲೇ ಶುರುಮಾಡಿದ ಗುಂಪಿನಲ್ಲಿ 12%, ಮಗು ಸುಧಾರಿಸಿದ ಮೇಲೆ ಶುರುಮಾಡಿದ ಗುಂಪಿನಲ್ಲಿ 15.7% ಮಕ್ಕಳು 28 ದಿನದೊಳಗೆ ತೀರಿಕೊಂಡರು. 2021ರಲ್ಲಿ ಪ್ರಕಟವಾಯಿತು. ಯಾವ ಮಗು ಯಾವ ಗುಂಪಿಗೆ ಅನ್ನುವುದನ್ನು ವೈದ್ಯರಾಗಲಿ ತಾಯಿಯಾಗಲಿ ಆರಿಸಲಿಲ್ಲ ಅನ್ನುವುದರಲ್ಲೇ ಈ ಆಧಾರದ ಬಲ ಇರೋದು. ಚೀಟಿ ಅಂದರೆ ಅದು ಥಟ್ಟನೆ ಹೊಳೆಯುತ್ತದೆ. ಹಗುರವಾಯಿತು ಅನ್ನಿಸಿದರೆ ಹೇಳಿ.

ಕೊನೆಗೆ, ಇವೆಲ್ಲಕ್ಕಿಂತ ತುರ್ತಾಗಿ ಬೇಕಿರುವ ಒಂದು ಪದ. ಮೇಲೆ ‘ತಿಳಿಯಾದ ಪಾನೀಯ’ ಅಂತ ಬರೆದೆನಲ್ಲ, ‘ಕ್ಲಿಯರ್ ಫ್ಲೂಯಿಡ್ಸ್’ಗೆ. ಆಪರೇಷನ್ನಿಗೆ 2 ಗಂಟೆ ಮುಂಚಿನವರೆಗೆ ಕೊಡಬಹುದು ಅನ್ನುವುದು ಇದನ್ನೇ: ನೀರು, ಹಾಲು ಹಾಕದ ಟೀ ಕಾಫಿ, ತಿರುಳಿಲ್ಲದ ಹಣ್ಣಿನ ರಸ. ಆದರೆ ನಮ್ಮ ಜನಕ್ಕೆ ‘ತಿಳಿ’ ಅಂದರೆ ತೆಳ್ಳಗೆ. ತಿಳಿಸಾರು, ತಿಳಿ ಮಜ್ಜಿಗೆ. ‘ತಿಳಿಯಾದದ್ದು ಕುಡಿಯಬಹುದು’ ಅಂತ ನರ್ಸ್ ಹೇಳಿ ಹೋದರೆ, ಮನೆಯವರು ಪ್ರೀತಿಯಿಂದ ಒಂದು ಲೋಟ ನೀರುಮಜ್ಜಿಗೆಯನ್ನೋ ಬೇಳೆಕಟ್ಟಿನ ಸಾರನ್ನೋ ಕುಡಿಸಿಬಿಡುತ್ತಾರೆ. ಅವೆರಡೂ ಕೂಡದು, ಆಪರೇಷನ್ ಮುಂದಕ್ಕೆ ಹೋಗುತ್ತದೆ. ‘ಶುದ್ಧ’, ‘ಸ್ವಚ್ಛ’ ಅಂದರೆ ಫಿಲ್ಟರ್ ನೀರು ಅಂದುಕೊಳ್ಳುತ್ತಾರೆ. ‘ಪಾರದರ್ಶಕ’ ಅನ್ನುವುದು ಟೆಂಡರಿನ ಮಾತು. ಸದ್ಯಕ್ಕೆ ಪದ ಬಿಟ್ಟು ವಾಕ್ಯವನ್ನೇ ಹಾಕಿದ್ದೇವೆ: ‘ಗಾಜಿನ ಲೋಟಕ್ಕೆ ಹಾಕಿದರೆ ಆಚೆ ಕಡೆಯ ಅಕ್ಷರ ಓದಲು ಬರಬೇಕು. ಹಾಲು, ಮೊಸರು, ಮಜ್ಜಿಗೆ, ಸಾರು, ಗಂಜಿ ಬೇಡ.’ ಹಾಸಿಗೆ ಪಕ್ಕ ನಿಂತು ಹೇಳಲು ಇದು ಸಾಕು. ಆದರೆ ಕೇಸ್‌ಶೀಟಿನಲ್ಲಿ ಬರೆಯಲು ಒಂದೆರಡು ಅಕ್ಷರದ ಪದ ಬೇಕೇಬೇಕು.

ಮಂಗಳೂರು, ಕಲಬುರಗಿ, ಬೆಳಗಾವಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ತಿಳಿ’ ಅಂದರೆ ತೆಳ್ಳಗೆಯೋ, ಆರಪಾರ ಕಾಣುವುದೋ? ಆ ಎರಡನೆಯದಕ್ಕೆ ನಿಮ್ಮ ಮನೆಮಾತಿನಲ್ಲಿ ಬೇರೆ ಪದ ಇದೆಯೇ? ‘ಆಧಾರ’ಕ್ಕೆ ನಿಮ್ಮ ಒಪ್ಪಿಗೆ ಇದೆಯೋ, ‘ಪುರಾವೆ’ಯನ್ನು ನಾನು ಸುಮ್ನೆ ದೂರ ತಳ್ಳುತ್ತಿದ್ದೇನೋ, ಅದನ್ನೂ ತಿಳಿಸಿ. ಬಡಗಣ ಜಿಲ್ಲೆಗಳಲ್ಲಿ ಪುರಾವೆಯ ಬಳಕೆ ಹೆಚ್ಚು. ಅಲ್ಲಿ ‘ಗಟ್ಟಿ ಪುರಾವೆ, ತೆಳು ಪುರಾವೆ’ ಅಂತ ಸಹಜವಾಗಿ ಅನ್ನುತ್ತಾರಾದರೆ ನನ್ನ ಆಕ್ಷೇಪ ಅರ್ಧ ಬಿದ್ದುಹೋಗುತ್ತದೆ. ಕರಡು ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆದರೆ ಉಪಕಾರ.