ಫ್ರಿಜ್‌ನಲ್ಲಿಟ್ಟ ಬ್ರೆಡ್ ಗಟ್ಟಿಯಾಗುವುದು ಯಾಕೆ?

ಪ್ರಶ್ನೆ: ಸರ್, ಬ್ರೆಡ್ ಒಣಗಬಾರದು ಅಂತ ಕವರ್ ಬಿಗಿಯಾಗಿ ಕಟ್ಟಿ ಫ್ರಿಜ್‌ನಲ್ಲಿಟ್ಟೆ. ಮರುದಿನ ನೋಡಿದರೆ ಹೊರಗಿದ್ದ ಬ್ರೆಡ್‌ಗಿಂತ ಇದೇ ಜಾಸ್ತಿ ಗಟ್ಟಿ. ಗಾಳಿಯೇ ಆಡದಿದ್ದರೆ ಒಳಗಿನ ನೀರು ಹೋಗಿದ್ದಾದರೂ ಎಲ್ಲಿಗೆ?

ಉತ್ತರ: ನೀರು ಎಲ್ಲಿಗೂ ಹೋಗಿಲ್ಲ, ಹೆಚ್ಚುಕಡಿಮೆ ಪೂರ್ತಿ ಬ್ರೆಡ್‌ನಲ್ಲೇ ಇದೆ. ಆಹಾರ ವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟದ ವಿಷಯ ಇದು. ಗಟ್ಟಿಯಾಗುವುದು ಎಂದರೆ ಒಣಗುವುದು ಅಂತಲೇ ಜನ ಬಹಳ ಕಾಲ ನಂಬಿದ್ದರು. 1852ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಬೂಸಾಂಗೋ ಬ್ರೆಡ್ಡನ್ನು ಗಾಳಿಯಾಡದಂತೆ ಮುಚ್ಚಿಟ್ಟು ಪರೀಕ್ಷಿಸಿದರು. ನೀರು ಕಳೆದುಕೊಳ್ಳದೆಯೂ ಅದು ಗಟ್ಟಿಯಾಯಿತು. ನಿಮ್ಮ ಕವರ್‌ನಲ್ಲಿ ಆದದ್ದೂ ಅದೇ.

ಕಾರಣ ಪಿಷ್ಟ. ಹಸಿ ಹಿಟ್ಟಿನಲ್ಲಿ ಪಿಷ್ಟದ ಎಳೆಗಳು ಪುಟ್ಟ ಪುಟ್ಟ ಕಣಗಳೊಳಗೆ ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ. ಒಲೆಯ ಬಿಸಿ ತಾಗಿದಾಗ, ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಕಣಗಳು ನೀರು ಹೀರಿ ಉಬ್ಬುತ್ತವೆ, ಎಳೆಗಳು ಸಡಿಲವಾಗುತ್ತವೆ. ಬ್ರೆಡ್ ಮೆತ್ತಗಿರುವುದು ಅದರಿಂದಲೇ. ಆರಿದ ಮೇಲೆ ಎಳೆಗಳು ಮತ್ತೆ ಸಾಲಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಾ ಹರಳುಗಟ್ಟುತ್ತವೆ. ಮೊದಲ ಕೆಲವು ಗಂಟೆಗಳಲ್ಲಿ ಅಮೈಲೋಸ್ ಎಂಬ ನೇರ ಎಳೆಗಳು, ಆಮೇಲೆ ದಿನಗಟ್ಟಲೆ ಅಮೈಲೋಪೆಕ್ಟಿನ್ ಎಂಬ ಕವಲೊಡೆದ ಎಳೆಗಳು. ಈ ಎರಡನೆಯದು ಅತಿ ಬೇಗ ನಡೆಯುವುದು 4 ಡಿಗ್ರಿಯ ಆಸುಪಾಸಿನಲ್ಲಿ. ಫ್ರಿಜ್‌ನ ಒಳಗೆ ಇರುವುದೂ ಅಷ್ಟೇ ತಂಪು ಅಲ್ವಾ?

ಪ್ರಶ್ನೆ: ಹಾಗಾದರೆ ಫ್ರೀಜರ್‌ನಲ್ಲಿ ಇನ್ನೂ ಬೇಗ ಗಟ್ಟಿಯಾಗಬೇಕಲ್ವಾ ಸರ್?

ಉತ್ತರ: ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಎಳೆಗಳು ಅಲುಗಾಡುವುದೇ ಕಷ್ಟ, ಹಾಗಾಗಿ ಸಾಲುಗಟ್ಟುವ ಕೆಲಸ ಬಹುತೇಕ ನಿಂತುಹೋಗುತ್ತದೆ. ಎರಡು ದಿನಕ್ಕೆ ಬೇಕಾದಷ್ಟು ಬ್ರೆಡ್ ಹೊರಗಿಡಿ. ಉಳಿದದ್ದನ್ನು ತಂದ ದಿನವೇ ಹೋಳು ಮಾಡಿ ಫ್ರೀಜರ್‌ಗೆ ಹಾಕಿ. ಈಗಾಗಲೇ ಗಟ್ಟಿಯಾಗಿರುವುದನ್ನು ಎಸೆಯಬೇಡಿ, ನಡುಭಾಗಕ್ಕೂ 60 ಡಿಗ್ರಿಯ ಮೇಲೆ ಬಿಸಿ ತಾಗುವಂತೆ ಕಾಯಿಸಿ. ಹರಳುಗಳು ಕರಗಿ ಮತ್ತೆ ಮೆತ್ತಗಾಗುತ್ತದೆ. ಆದರೆ ಬಿಸಿ ಇರುವಾಗಲೇ ತಿನ್ನಿ. ಆರಿದರೆ ಮತ್ತೆ ಗಟ್ಟಿಯಾಗುತ್ತದೆ.

ಪ್ರಶ್ನೆ (ಇನ್ನೊಬ್ಬರು): ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಫ್ರಿಜ್‌ನಲ್ಲಿಟ್ಟ ಅನ್ನವೂ ಬಿರುಸಾಗುತ್ತದೆ. ಅದನ್ನೂ ಹೊರಗೇ ಇಡಬಹುದಾ?

ಉತ್ತರ: ದಯವಿಟ್ಟು ಬೇಡ. ಬಿರುಸಾಗಲು ಕಾರಣ ಅದೇ ಪಿಷ್ಟ, ನಿಜ. ಆದರೆ ಅನ್ನದಲ್ಲಿ ಬ್ರೆಡ್‌ಗಿಂತ ನೀರು ತುಂಬಾ ಜಾಸ್ತಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಬೇಯಿಸಿದರೂ ಅವು ಸಾಯದೆ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಮೊಳೆತು, ಬೆಳೆದು, ವಿಷ ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನವನ್ನು ಅಗಲವಾದ ಪಾತ್ರೆಯಲ್ಲಿ ಹರಡಿ ಬೇಗ ಆರಿಸಿ, ಫ್ರಿಜ್‌ಗೆ ಸೇರಿಸಿ. ಬಿರುಸಾದರೆ ಸ್ವಲ್ಪ ನೀರು ಚಿಮುಕಿಸಿ ಚೆನ್ನಾಗಿ ಬಿಸಿ ಮಾಡಿ, ಮೆತ್ತಗಾಗುತ್ತದೆ.

ಪ್ರಶ್ನೆ: ಮತ್ತೆ ಬ್ರೆಡ್‌ಗೆ ಬೂಷ್ಟು ಬಂದರೆ? ಅಷ್ಟನ್ನು ಮಾತ್ರ ಕಿತ್ತು ತಿನ್ನಬಹುದಾ?

ಉತ್ತರ: ಬೇಡ. ಬ್ರೆಡ್ ಮೆತ್ತಗಿದೆ, ತುಂಬಾ ತೂತುಗಳಿವೆ. ಮೇಲೆ ಹಸಿರು ಚುಕ್ಕೆ ಕಾಣುವ ಹೊತ್ತಿಗೆ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹಬ್ಬಿರಬಹುದು. ಪೂರ್ತಿ ಎಸೆದುಬಿಡಿ.