ಕೆಸರಿನಿಂದ ಬರೋ ಕರೆಂಟು ಬ್ಯಾಕ್ಟೀರಿಯಾದ್ದ ಅಂತ ಹೆಂಗ ಗೊತ್ತುಮಾಡೋದು?

ವಾಸ್ಕೋ_ಬಾಗಲಕೋಟಿ:
ಎಲ್ಲಾರಿಗೂ ನಮಸ್ಕಾರ್ರಿ. ನಾವು ಬಾಗಲಕೋಟಿ ಕಡೆಯವ್ರು, ಈಗ ಮನಿ ಗೋವಾದ ವಾಸ್ಕೋದಾಗ. ಬಿಎಸ್ಸಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಬಯೋಫ್ಯೂಯಲ್ ಸೆಲ್, ಅಂದ್ರ ಬ್ಯಾಕ್ಟೀರಿಯಾ ಇಲ್ಲಾ ಎಂಜೈಮಿನಿಂದ ಕರೆಂಟ್ ತೆಗಿಯೋ ಸೆಲ್, ಮಾಡಾಕತ್ತೀನಿ. ಜುವಾರಿ ಹೊಳಿ ದಂಡಿ ಕರಿ ಕೆಸರು ತಂದು ಡಬ್ಬಿಗೆ ತುಂಬಿ, ತಳಕ್ಕ ಜಿಂಕ್ ಪ್ಲೇಟು, ಮ್ಯಾಲಿನ ನೀರಾಗ ತಾಮ್ರದ ತಂತಿ ಇಟ್ಟೀನಿ, ಮೀಟರ್ ಹಚ್ಚಿದ ಕೂಡ್ಲೇ 0.8 ವೋಲ್ಟ್ ತೋರಿಸ್ತು. ವಿಡಿಯೋದಾಗೂ ಹಿಂಗ ಮಾಡ್ತಾರ. ಆದ್ರ ನಮ್ಮ ಮೇಡಂ ಇದ್ರಾಗ ಬ್ಯಾಕ್ಟೀರಿಯಾದ ಪಾಲೆಷ್ಟು ಅಂತ ಕೇಳಿದ್ರು, ಏನ್ ಹೇಳ್ಬೇಕೋ ತಿಳಿವಲ್ದು. ಎಲ್‌ಇಡಿ ಹತ್ತಿಸ್ಬೇಕಂತ ಭಾಳ ಆಸೆ ಐತಿ. ಇಲ್ಲಾ ಕೆಸರು ಬಿಟ್ಟು ಎಂಜೈಮ್ ಹಾಕಿ ಮಾಡ್ಲೇನು? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಪಾಷಾಣ್_ಪುಣೆ:
ನಿಮ್ಮ ಮೇಡಂ ಕೇಳಿರೋದೇ ಮುಖ್ಯವಾದ ಪ್ರಶ್ನೆ. ಆ 0.8 ವೋಲ್ಟ್ ಜಿಂಕಿಂದು ಕಣ್ರೀ. ಜಿಂಕು ತಾಮ್ರ ಎರಡನ್ನೂ ಬರೀ ಉಪ್ಪುನೀರಲ್ಲಿ ಅದ್ದಿದ್ರೂ ಹತ್ತಿರತ್ತಿರ ಅಷ್ಟೇ ಬರುತ್ತೆ, ಜಿಂಕ್ ಕರಗ್ತಾ ಎಲೆಕ್ಟ್ರಾನ್ ಬಿಡುತ್ತೆ. ಮೀಟರ್ ಹಚ್ಚಿದ ತಕ್ಷಣ ವೋಲ್ಟೇಜ್ ಬಂತಲ್ಲ, ಅಲ್ಲೇ ಗೊತ್ತಾಗುತ್ತೆ. ಬ್ಯಾಕ್ಟೀರಿಯಾ ಎಲೆಕ್ಟ್ರೋಡ್ ಮೇಲೆ ಪದರ ಕಟ್ಟೋಕೆ ದಿನಗಟ್ಟಲೆ ಹಿಡಿಯುತ್ತೆ, ಕರೆಂಟ್ ಮೆಲ್ಲಗೆ ಏರುತ್ತೆ. ಇದನ್ನೇ ಬ್ಯಾಕ್ಟೀರಿಯಾ ಬ್ಯಾಟರಿ ಅಂತ ತೋರ್ಸೋ ವಿಡಿಯೋ ನೋಡಿದ್ರೆ ಬೇಜಾರಾಗುತ್ತೆ, ಎಷ್ಟೋ ಹುಡುಗ್ರು ಇದನ್ನ ನಂಬ್ತಾರೆ.

ಎರಡೂ ಕಡೆ ಕಾರ್ಬನ್ ಹಾಕಿ. ಕಾರ್ಬನ್ ಫೆಲ್ಟ್ (ಕಾರ್ಬನ್ ಎಳೆಗಳ ಬಟ್ಟೆಯಂಥದ್ದು) ಸಿಕ್ರೆ ಬೆಸ್ಟ್. ಹಳೇ ಟಾರ್ಚ್ ಸೆಲ್ ಒಡೆದು ರಾಡ್ ತೆಗೀತೀರಾದ್ರೆ ಅದಕ್ಕೆ ಅಂಟಿರೋ ಕರೀ ಪುಡಿ ಮ್ಯಾಂಗನೀಸ್ ಡೈಆಕ್ಸೈಡು, ಅದೂ ಲೆಕ್ಕ ಕೆಡಿಸುತ್ತೆ, ಪೂರ್ತಿ ಉಜ್ಜಿ ತೊಳೀರಿ. ಒಂದನ್ನ ಕೆಸರಲ್ಲಿ ಆಳಕ್ಕೆ ಹೂತು ಇನ್ನೊಂದನ್ನ ಮೇಲಿನ ನೀರಲ್ಲಿಟ್ಟು ಮಧ್ಯೆ 1000 ಓಮ್ ರೆಸಿಸ್ಟರ್ ಹಾಕಿ ಬಿಟ್ಬಿಡಿ. ಜಿಯೋಬ್ಯಾಕ್ಟರ್ ಅಂಥ ಬ್ಯಾಕ್ಟೀರಿಯಾಗಳು ಆಕ್ಸಿಜನ್ ಇಲ್ಲದ ಕೆಸರಲ್ಲಿ, ತಿಂದ ಆಹಾರದ ಎಲೆಕ್ಟ್ರಾನನ್ನ ಕಬ್ಬಿಣದ ಆಕ್ಸೈಡಿಗೆ ದಾಟಿಸಿ ಬದುಕ್ತವೆ, ಕಾರ್ಬನ್ ಸಿಕ್ರೆ ಅದಕ್ಕೆ ದಾಟಿಸ್ತವೆ. ರೆಸಿಸ್ಟರ್ ಮೇಲೆ 200 ಮಿಲಿವೋಲ್ಟ್ ಬಂದ್ರೆ 0.2 ಮಿಲಿಆಂಪ್, ಅಂದ್ರೆ 40 ಮೈಕ್ರೋವ್ಯಾಟ್. ನೋಡೋಕೆ ಚಿಕ್ಕದು, ಆದ್ರೆ ಅಷ್ಟೂ ಬ್ಯಾಕ್ಟೀರಿಯಾದ್ದು ಅಂತ ತೋರಿಸಿದ್ರೆ ಅದೇ ಒಳ್ಳೇ ಪ್ರಾಜೆಕ್ಟ್. ಅದಕ್ಕೆ ಇನ್ನೊಂದು ಡಬ್ಬಿ ಬೇಕು, ಅದೇ ಕೆಸರು, ಅದೇ ಕಾರ್ಬನ್, ಆದ್ರೆ ಕೆಸರನ್ನ ಆಟೋಕ್ಲೇವ್ ಮಾಡಿ, ಅಂದ್ರೆ ಒತ್ತಡದ ಬಿಸಿ ಹಬೆಯಲ್ಲಿ ಬ್ಯಾಕ್ಟೀರಿಯಾ ಸಾಯಿಸಿ, ತುಂಬಬೇಕು.

ಮಾಟುಂಗಾ_ಕರಾವಳಿ:
ಎಂಜೈಮಿನ ವಿಷಯ ನಾನು ಹೇಳ್ತೇನೆ, ಮುಂಬೈಯಲ್ಲಿ ನನ್ನ ಎಂಎಸ್ಸಿ ಕೆಲಸ ಅದರಲ್ಲೇ ಇದ್ದದ್ದು. ಗ್ಲೂಕೋಸಿನಿಂದ ಎಲೆಕ್ಟ್ರಾನ್ ತೆಗೆಯುವ ಎಂಜೈಮ್ ಗ್ಲೂಕೋಸ್ ಆಕ್ಸಿಡೇಸ್, ಅದನ್ನು ಕೊಂಡುಕೊಳ್ಳಬಹುದು, ಕಷ್ಟ ಇರುವುದು ಬೇರೆ ಕಡೆ. ಅದರಲ್ಲಿ ಎಲೆಕ್ಟ್ರಾನ್ ಹಿಡಿಯುವ ಎಫ್‌ಎಡಿ ಎಂಬ ಭಾಗ ಪ್ರೋಟೀನಿನ ಒಳಗೆ ಆಳದಲ್ಲಿ ಉಂಟು, ಎಲೆಕ್ಟ್ರೋಡಿಗೆ ನೇರ ಸಿಕ್ಕುದಿಲ್ಲ, ಹಾಗಾಗಿ ನಡುವೆ ಎಲೆಕ್ಟ್ರಾನ್ ಸಾಗಿಸ್ಲಿಕ್ಕೆ ಫೆರೋಸೀನೋ ಆಸ್ಮಿಯಂ ಸಂಯುಕ್ತವೋ ಬೇಕಾಗ್ತದೆ. ಆಚೆ ಬದಿಯಲ್ಲಿ ಆಕ್ಸಿಜನ್ನನ್ನು ನೀರು ಮಾಡ್ಲಿಕ್ಕೆ ಲ್ಯಾಕೇಸ್ ಎಂಬ ಎಂಜೈಮ್ ಹಾಕ್ತಾರೆ, ಅದಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್ ಆಗಿಬರುದಿಲ್ಲ, ನಿಮ್ಮ ಜುವಾರಿಯ ಉಪ್ಪುನೀರಂತೂ ಬೇಡವೇ ಬೇಡ.

ಆದ್ರೆ ಎಂಜೈಮಿನ ಚಂದ ಏನು ಗೊತ್ತುಂಟಾ, ತನ್ನ ಕೆಲಸ ಬಿಟ್ಟು ಬೇರೆ ಮುಟ್ಟುದಿಲ್ಲ, ಹಾಗಾಗಿ ಎರಡು ಬದಿಯನ್ನು ಬೇರೆ ಮಾಡುವ ಪೊರೆಯೇ ಇಲ್ಲದೆ ಸೆಲ್ ಮಾಡಬಹುದು. 2003ರಲ್ಲಿ ಟೆಕ್ಸಾಸಿನ ಆಡಮ್ ಹೆಲ್ಲರ್ ತಂಡದವರು 7 ಮೈಕ್ರೋಮೀಟರ್ ದಪ್ಪದ ಎರಡು ಕಾರ್ಬನ್ ಎಳೆಗಳನ್ನು ದ್ರಾಕ್ಷಿ ಹಣ್ಣಿಗೆ ಚುಚ್ಚಿ ಹಣ್ಣಿನ ಗ್ಲೂಕೋಸಿನಿಂದಲೇ ಕರೆಂಟ್ ತೆಗೆದ್ರು. 2007ರಲ್ಲಿ ಸೋನಿಯವರು 50 ಮಿಲಿವ್ಯಾಟಿನ ಸಕ್ಕರೆ ಬ್ಯಾಟರಿಯಲ್ಲಿ ವಾಕ್‌ಮನ್ ನಡೆಸಿ ತೋರಿಸಿದ್ರು. ಕೊರತೆ ಅಂದ್ರೆ ಎಂಜೈಮ್ ದಿನ ಹೋದ ಹಾಗೆ ಕೆಟ್ಟುಹೋಗ್ತದೆ, ಬ್ಯಾಕ್ಟೀರಿಯಾವಾದ್ರೆ ತಿಂದು ಮತ್ತೆ ಹುಟ್ಟಿಕೊಳ್ತದೆ. ನಿಮಗೆ ಕೆಸರೇ ಒಳ್ಳೆಯದು.

ಪುಣೆಯವರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಆ ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೀತದಲ್ವಾ, ಅದು ಸಲ್ಫೈಡ್. ಬ್ಯಾಕ್ಟೀರಿಯಾ ಸತ್ತರೂ ಸಲ್ಫೈಡ್ ತಾನಾಗಿ ಕಾರ್ಬನ್ನಿಗೆ ಎಲೆಕ್ಟ್ರಾನ್ ಕೊಡ್ತದೆ, ಅಂದ್ರೆ ಆಟೋಕ್ಲೇವ್ ಮಾಡಿದ ಡಬ್ಬಿಯಲ್ಲೂ ಶುರುವಿಗೆ ಸ್ವಲ್ಪ ಕರೆಂಟ್ ಕಾಣಬಹುದು, ಗಾಬರಿಯಾಗಬೇಡಿ. ಅದು ಇಳಿದ ಮೇಲೆ ಎರಡಕ್ಕೂ ಸೋಡಿಯಂ ಅಸಿಟೇಟ್ ಹಾಕಿ, ಅದು ಬ್ಯಾಕ್ಟೀರಿಯಾದ ಆಹಾರ. ಜೀವ ಇರುವ ಡಬ್ಬಿಯಲ್ಲಿ ಮಾತ್ರ ಕರೆಂಟ್ ಏರಿದ್ರೆ ಮೇಡಂ ಪ್ರಶ್ನೆಗೆ ಅದಕ್ಕಿಂತ ಗಟ್ಟಿ ಉತ್ತರ ಇಲ್ಲ.

ವಾಸ್ಕೋ_ಬಾಗಲಕೋಟಿ:
ಇಬ್ಬರಿಗೂ ಭಾಳ ಥ್ಯಾಂಕ್ಸ್ ರೀ. ಜಿಂಕ್ ತೆಗೆದ್ನಿ, ಕಾಲೇಜಿನ್ಯಾಗ ಆಟೋಕ್ಲೇವ್ ಐತಿ. ಅಸಿಟೇಟ್ ಎಷ್ಟು ಹಾಕ್ಲಿ? ಮತ್ತ ನಾಕು ಡಬ್ಬಿ ಸಿರೀಸ್ ಮಾಡಿದ್ರ ಎಲ್‌ಇಡಿ ಹತ್ತಂಗಿಲ್ಲೇನು?

ಪಾಷಾಣ್_ಪುಣೆ:
ಲೀಟರ್ ನೀರಿಗೆ 1 ಗ್ರಾಂ ಸಾಕು. ಸಿರೀಸ್ ಬೇಡ, ಒಂದೇ ಒಂದು ಡಬ್ಬಿ ವೀಕ್ ಇದ್ರೂ ಉಳಿದವು ಅದನ್ನ ಎಳೆದು ಅದರ ಪೋಲಾರಿಟಿ ಉಲ್ಟಾ ಆಗಿಬಿಡುತ್ತೆ. ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಬೇಕು, ಒಂದು ಡಬ್ಬಿ ಅರ್ಧ ವೋಲ್ಟ್ ಕೊಟ್ರೆ ಹೆಚ್ಚು. ಡಬ್ಬಿಗಳನ್ನ ಪ್ಯಾರಲಲ್ ಜೋಡಿಸಿ ಒಂದು ದೊಡ್ಡ ಕೆಪಾಸಿಟರ್ ತುಂಬಿಸಿ, ಆಮೇಲೆ ಕಮ್ಮಿ ವೋಲ್ಟೇಜಲ್ಲಿ ಶುರುವಾಗೋ ಬೂಸ್ಟ್ ಸರ್ಕ್ಯೂಟಿಂದ ವೋಲ್ಟೇಜ್ ಮೇಲೆತ್ತಿ. ಬಿಟ್ಟುಬಿಟ್ಟು ಮಿಣುಕುತ್ತೆ. ಮೊದಲು ಎರಡು ಡಬ್ಬಿದೂ ರೀಡಿಂಗ್ ಬರ್ಕೊಳ್ಳಿ, ಗ್ರಾಫ್ ಬಂದ್ಮೇಲೆ ಇಲ್ಲೇ ಹಾಕಿ, ನೋಡೋಣ.